'ನನ್ನ ಕೈಲಿ ಆಗಲ್ಲ ಬಿಡಕ್ಕ' ಅನ್ನುವ ತಮ್ಮನಿಗೆ ಏನು ಮಾಡಬೇಕು?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 29 ವರ್ಷ. ಆರು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಈಗ ಕಿವಿಯಲ್ಲಿ ಮಾತು ಕೇಳಿಸುವುದು ನಿಂತಿದೆ. ಯಾರ ಮೇಲೂ ಅನುಮಾನ ಪಡುವುದಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ಆದರೆ ದಿನವಿಡೀ ಮಲಗಿರುತ್ತಾನೆ, ಹೇಳದೆ ಸ್ನಾನ ಮಾಡುವುದಿಲ್ಲ. ಡಿಪ್ಲೊಮಾ ಓದಿದವನು. ಕಾಯಿಲೆ ಬಂದಮೇಲೆ ಒಂದು ಸಲ ಕೆಲಸಕ್ಕೆ ಸೇರಿ ಹದಿನೈದು ದಿನಕ್ಕೆ ಬಿಟ್ಟು ಬಂದ. ಆಮೇಲಿಂದ ಏನು ಹೇಳಿದರೂ "ನನ್ನ ಕೈಲಿ ಆಗಲ್ಲ ಬಿಡಕ್ಕ" ಅನ್ನುತ್ತಾನೆ. ಅಪ್ಪ ಸೋಮಾರಿ ಅಂತ ಬೈಯುತ್ತಾರೆ. ಅಮ್ಮ ಎಲ್ಲವನ್ನೂ ಕೈಗೆ ತಂದುಕೊಡುತ್ತಾರೆ. ಮದುವೆ ಮಾಡಿ, ಸರಿಹೋಗುತ್ತಾನೆ ಅಂತಾರೆ ನೆಂಟರು. ನಾವು ಒತ್ತಾಯ ಮಾಡಬೇಕಾ, ಸುಮ್ನೆ ಬಿಟ್ಟುಬಿಡಬೇಕಾ?
– ದಾವಣಗೆರೆಯಿಂದ ಒಬ್ಬ ಅಕ್ಕ

ಉತ್ತರ: ಮೊದಲು ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ, ಯಾಕೆಂದರೆ ಮನೆಯಲ್ಲಿ ದಿನಾ ಕೇಳಿಸುವ ಮಾತು ಅದೇ. ನಿಮ್ಮ ತಮ್ಮ ಸೋಮಾರಿಯಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಸೋಮಾರಿಗೆ ಕೆಲಸ ತಪ್ಪಿಹೋದರೆ ಹಾಯೆನಿಸುತ್ತದೆ, ಅಲ್ವಾ? ಹೀಗೆ ಮಲಗಿರುವ ಹುಡುಗರ ಜೊತೆ ಕೂತು, ಅವಸರ ಮಾಡದೆ ಮಾತಾಡಿಸಿದರೆ ಹೊರಗೆ ಬರುವುದು ಹಾಯಲ್ಲ, ನಾಚಿಕೆ. "ಎಲ್ಲರೂ ಎಲ್ಲೆಲ್ಲೋ ಹೋದರು, ನಾನು ಇಲ್ಲೇ ಉಳಿದೆ" ಅನ್ನುವ ಮಾತು. ಅವರಿಗೆ ಬೇಕಾದದ್ದು ಇಲ್ಲ ಅಂತಲ್ಲ. ಕೈ ಹಾಕಿದರೆ ಮತ್ತೆ ಸೋಲುತ್ತೇನೆ ಅಂತ ಅವರು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಇವತ್ತು ನಾನು ಜಾಸ್ತಿ ಬರೆಯುವುದು ಆ ತೀರ್ಮಾನದ ಬಗ್ಗೆಯೇ.

ಈ ಕಾಯಿಲೆಯಲ್ಲಿ ಜನರ ಕಣ್ಣಿಗೆ ಬೀಳುವುದು ಇಲ್ಲದ ದನಿ ಕೇಳಿಸುವುದು, ವಿಪರೀತ ಅನುಮಾನ, ಗಲಾಟೆ. ಮಾತ್ರೆಗಳು ಚೆನ್ನಾಗಿ ಹಿಡಿತಕ್ಕೆ ತರುವುದೂ ಇವನ್ನೇ. ಇನ್ನೊಂದು ಭಾಗ ಸದ್ದಿಲ್ಲದ್ದು. ಉತ್ಸಾಹ ಕುಗ್ಗುತ್ತದೆ, ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ಭಾವನೆ ಕಾಣುವುದಿಲ್ಲ, ಜನರ ಜೊತೆ ಸೇರುವುದು ಬೇಡವಾಗುತ್ತದೆ. ಇದಕ್ಕೆ ಮಾತ್ರೆಗಳಿಂದ ಸಿಗುವ ಸಹಾಯ ಕಡಿಮೆ. ಇದರ ಜೊತೆಗೆ ಗಮನ, ನೆನಪು, ಯೋಚಿಸುವ ವೇಗ ಇವೂ ಹಲವರಲ್ಲಿ ಸ್ವಲ್ಪ ಮಂದವಾಗಿರುತ್ತವೆ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದು ಮರೆತುಹೋಗುತ್ತದೆ. ನಾಲ್ಕು ಜನ ಮಾತಾಡುತ್ತಿದ್ದರೆ ಎಳೆ ತಪ್ಪುತ್ತದೆ. ಇದು ಕಾಯಿಲೆಯದೇ ಭಾಗ. ಬುದ್ಧಿ ಹೋಯಿತು ಅಂತ ಅರ್ಥವಲ್ಲ.

ಬಹಳ ವರ್ಷ ವೈದ್ಯರು ಯೋಚಿಸುತ್ತಿದ್ದದ್ದು ಇಷ್ಟೇ: ಮೆದುಳಿನ ವೇಗ ಕಡಿಮೆ, ಅದಕ್ಕೇ ಕೆಲಸ ಆಗುವುದಿಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಅವರ ಜೊತೆಗಾರ ಪಾಲ್ ಗ್ರಾಂಟ್ ಈ ಎರಡರ ಮಧ್ಯೆ ಇನ್ನೇನಾದರೂ ಇದೆಯಾ ಅಂತ ಹುಡುಕಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡದ್ದು, ಮಧ್ಯೆ ಒಂದು ನಂಬಿಕೆ ಕೂತಿದೆ ಅಂತ. ಅವರು ಜನರಿಗೆ ಕೆಲವು ಸಾಲುಗಳನ್ನು ಕೊಟ್ಟು, ಇದನ್ನು ಎಷ್ಟು ಒಪ್ಪುತ್ತೀರಿ ಅಂತ ಕೇಳಿದ್ದರು. ಆ ಸಾಲುಗಳ ಅರ್ಥ ಹೀಗಿರುತ್ತದೆ: ಚೆನ್ನಾಗಿ ಮಾಡಲು ಆಗದಿದ್ದರೆ ಮಾಡುವುದೇ ಬೇಡ. ಸ್ವಲ್ಪ ಸೋತರೂ ಪೂರ್ತಿ ಸೋತ ಹಾಗೆ. ತಪ್ಪು ಮಾಡಿದರೆ ಜನ ನನ್ನನ್ನು ಕೀಳಾಗಿ ನೋಡುತ್ತಾರೆ. ಇವನ್ನು ಜಾಸ್ತಿ ಒಪ್ಪಿದವರಲ್ಲಿ ಉತ್ಸಾಹ ಕಡಿಮೆಯಿತ್ತು, ದಿನದ ಕೆಲಸಗಳೂ ಜಾಸ್ತಿ ಕುಸಿದಿದ್ದವು. ಮೆದುಳಿನ ಮಂದಗತಿಯ ಪರಿಣಾಮದ ಒಂದು ಪಾಲು ಈ ನಂಬಿಕೆಯ ಮೂಲಕವೇ ಬದುಕಿಗೆ ಇಳಿಯುತ್ತಿತ್ತು.

ಇದು ಹೇಗೆ ಬೆಳೆಯುತ್ತದೆ ಅಂತ ನಿಮ್ಮ ತಮ್ಮನ ಕಥೆಯಲ್ಲೇ ನೋಡಿ. ಓದಿನಲ್ಲಿ ಚುರುಕಾಗಿದ್ದವನು. ಕಾಯಿಲೆ ಬಂತು, ಗುಣ ಕಂಡಿತು, ಕೆಲಸಕ್ಕೆ ಹೋದ. ಅಲ್ಲಿ ಮೇಲಿನವರು ಗಡಗಡ ಹೇಳಿದ್ದು ಅರ್ಧ ತಲೆಗೆ ಹತ್ತಲಿಲ್ಲ. ಮತ್ತೆ ಕೇಳಲು ಸಂಕೋಚ. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆಯೂ ಇಳಿದಿರಲಿಲ್ಲ. ನಾಲ್ಕು ಜನರ ಮುಂದೆ ಯಾರೋ ಒಂದು ಮಾತು ಅಂದರು. ಇದು ನನ್ನ ಊಹೆ, ಆದರೆ ಹದಿನೈದು ದಿನದಲ್ಲಿ ಬಿಟ್ಟು ಬಂದ ಹೆಚ್ಚಿನವರ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದರಿಂದ ಅವನು ಎರಡು ಅರ್ಥ ಮಾಡಿಕೊಳ್ಳಬಹುದಿತ್ತು. "ಇಷ್ಟು ಬೇಗ ಇಂಥ ಕೆಲಸಕ್ಕೆ ಹೋಗಬಾರದಿತ್ತು" ಅನ್ನುವುದು ಒಂದು. "ನಾನೇ ಆಗದವನು" ಅನ್ನುವುದು ಇನ್ನೊಂದು. ಅವನು ಎರಡನೆಯದನ್ನು ಹಿಡಿದುಕೊಂಡ. ಮನೆಯಲ್ಲಿ, ಬೀದಿಯಲ್ಲಿ, ನೆಂಟರಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರೆ ಬೇರೆ ಏನು ಹಿಡಿಯುತ್ತಾನೆ?

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕು ಆಮೇಲೆ ತಣ್ಣನೆ ಹಾಲು ಕಂಡರೂ ಓಡುತ್ತಿತ್ತಲ್ಲ, ಹಾಗೆ ಇದು. ಹಸಿವಿಲ್ಲ ಅಂತಲ್ಲ.

ಈ ನಂಬಿಕೆ ಬರೀ ಬಾಯಿಮಾತಲ್ಲ, ಮೈಯಲ್ಲೇ ಕಾಣಿಸುತ್ತದೆ. ಕಷ್ಟಪಟ್ಟು ಯೋಚಿಸುವಾಗ ನಮ್ಮೆಲ್ಲರ ಕಣ್ಣಿನ ಪಾಪೆ ಸ್ವಲ್ಪ ಹಿಗ್ಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದ ಮನಶ್ಶಾಸ್ತ್ರಜ್ಞ ಎರಿಕ್ ಗ್ರಾನ್‌ಹೋಮ್ ಅವರ ತಂಡ ಸ್ಕಿಜೋಫ್ರೇನಿಯಾ ಇರುವವರಿಗೆ ಅಂಕಿಗಳನ್ನು ನೆನಪಿಟ್ಟುಕೊಳ್ಳಲು ಹೇಳಿ ಪಾಪೆಯನ್ನು ಅಳೆಯಿತು. "ನನ್ನಿಂದ ಆಗಲ್ಲ" ಅನ್ನುವ ನಂಬಿಕೆ ಗಟ್ಟಿಯಾಗಿದ್ದವರಲ್ಲಿ, ಕೆಲಸ ಕಷ್ಟವಾದಾಗ ಪಾಪೆ ಹಿಗ್ಗುವುದು ಕಡಿಮೆಯಿತ್ತು. ಅಂದರೆ ಶ್ರಮ ಹಾಕುವುದೇ ಕಡಿಮೆಯಾಗುತ್ತಿತ್ತು. ನಿಮ್ಮ ತಮ್ಮ ಬೇಕೆಂದೇ ಕೈ ಬಿಡುತ್ತಿದ್ದಾನೆ ಅಂತ ಅಪ್ಪನಿಗೆ ಅನಿಸಿದಾಗ ಇದನ್ನು ಹೇಳಿ. ಅವನು ಮನಸ್ಸು ಮಾಡುವ ಮೊದಲೇ ಒಳಗೆ ಏನೋ ಹಿಂದಕ್ಕೆ ಸರಿದಿರುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ, ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಈ ಕಾಯಿಲೆಯವರಿಗೆ ಯಾವುದರಲ್ಲೂ ಖುಷಿಯಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಪರೀಕ್ಷೆ ಮಾಡಿ ನೋಡಿದಾಗ ಕಂಡದ್ದು ಬೇರೆ. ಒಳ್ಳೆಯ ಊಟ ಬಾಯಿಗೆ ಬಿದ್ದಾಗ, ತಮಾಷೆ ನಡೆಯುತ್ತಿರುವಾಗ, ಆ ಕ್ಷಣದ ಖುಷಿ ಹೆಚ್ಚುಕಡಿಮೆ ನಮ್ಮಷ್ಟೇ ಇರುತ್ತದೆ. ಕಡಿಮೆಯಾಗಿರುವುದು ಮುಂದೆ ಸಿಗುವ ಖುಷಿಯನ್ನು ಈಗಲೇ ಊಹಿಸುವ ಶಕ್ತಿ. ಹಾಗಾಗಿ "ಬಾರೋ, ಕೆರೆ ಕಡೆ ಹೋಗಿ ಬರೋಣ" ಅಂದರೆ ಅವನಿಗೆ ಮೊದಲು ಕಾಣುವುದು ಚಪ್ಪಲಿ ಹಾಕಬೇಕು, ಎದುರುಮನೆಯವರು ನೋಡುತ್ತಾರೆ, ಸುಸ್ತಾಗುತ್ತದೆ ಅನ್ನುವುದು. ಅಲ್ಲಿ ಬೀಸುವ ಗಾಳಿ ಕಾಣುವುದಿಲ್ಲ. ಹೋದಮೇಲೆ ಆರಾಮಾಗಿಯೇ ಇರುತ್ತಾನೆ. ಮಾರನೇ ದಿನ ಕರೆದರೆ ಮತ್ತೆ "ಬೇಡ". ನಿಮಗೆ ಸಿಟ್ಟು ಬರುತ್ತದೆ, ನಿನ್ನೆ ಚೆನ್ನಾಗಿದ್ದೆಯಲ್ಲ ಅಂತ. ನಿನ್ನೆಯ ಖುಷಿ ಇವತ್ತಿನ ಲೆಕ್ಕಕ್ಕೆ ಬಂದಿರುವುದಿಲ್ಲ, ಅಷ್ಟೇ.

ದಿನದ ಬದುಕಿನಲ್ಲಿ ಇದೆಲ್ಲ ಹೇಗೆ ಕಾಣುತ್ತದೆ? ಸ್ನಾನವನ್ನೇ ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ಅವನಿಗೆ ಏಳೆಂಟು. ಏಳಬೇಕು, ನೀರು ಕಾಯಿಸಬೇಕು, ಟವೆಲ್ ಹುಡುಕಬೇಕು, ಒಗೆದ ಬಟ್ಟೆ ಯಾವುದು ಅಂತ ನೋಡಬೇಕು. ಮಧ್ಯದಲ್ಲಿ ಒಂದು ಮರೆತರೆ ಬಚ್ಚಲಿನಿಂದ ಕೂಗಬೇಕು, ಕೂಗಿದರೆ ಅಪ್ಪ "ಇದೂ ಗೊತ್ತಾಗಲ್ವಾ" ಅನ್ನುತ್ತಾರೆ. ಇಷ್ಟು ಮಾಡಿ ಸಿಗುವುದೇನು? "ಸ್ನಾನ ಮಾಡಿ ನಾನೇನು ಆಫೀಸಿಗೆ ಹೋಗಬೇಕಾ" ಅನ್ನುವ ಯೋಚನೆ ಅಲ್ಲಿ ಬರುತ್ತದೆ. ಮಲಗಿರುವುದೇ ಸುಲಭ. ಫೋನ್ ಬಂದರೆ ಎತ್ತದಿರುವುದು, ಬ್ಯಾಂಕಿಗೆ ಹೋಗದಿರುವುದು, ಹಳೆಯ ಗೆಳೆಯ ಸಿಕ್ಕರೆ ತಲೆ ತಗ್ಗಿಸಿ ಹೋಗುವುದು ಎಲ್ಲವೂ ಇದೇ ದಾರಿ. ಮದುವೆ ಮನೆಗೆ ಬರುವುದಿಲ್ಲ ಅನ್ನುತ್ತಾನಾ? ಅಲ್ಲಿ ಹತ್ತು ಜನ "ಈಗ ಏನು ಮಾಡ್ಕೊಂಡಿದೀಯಪ್ಪಾ?" ಅಂತ ಕೇಳುತ್ತಾರೆ. ಅವನ ಹತ್ತಿರ ಉತ್ತರವಿಲ್ಲ. ಹೋಗದಿದ್ದರೆ ಉತ್ತರ ಕೊಡುವುದೂ ಬೇಡ.

ಬಿಟ್ಟಷ್ಟೂ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದ ಕೆಲಸವನ್ನು ಮತ್ತೆ ಮಾಡಿದರೆ ತಪ್ಪಾಗುತ್ತದೆ. ಆಗ ನಂಬಿಕೆಗೆ ಹೊಸ ಸಾಕ್ಷಿ ಸಿಗುತ್ತದೆ.

ಆದರೆ ಎಲ್ಲವನ್ನೂ ನಂಬಿಕೆಯ ತಲೆಗೆ ಕಟ್ಟಬೇಡಿ. 2016ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಂಬಂಧ ಇರುವುದು ನಿಜ, ಆದರೆ ಅದು ಭಾರೀ ದೊಡ್ಡದಲ್ಲ ಅಂತ ಕಂಡಿತು. ಹಾಗಾಗಿ ಮೊದಲು ವೈದ್ಯರ ಹತ್ತಿರ ಕೆಲವು ವಿಷಯ ಖಚಿತ ಮಾಡಿಕೊಳ್ಳಿ. ಮಾತ್ರೆಯ ಮಂಪರು ಜಾಸ್ತಿಯಾಗಿದೆಯಾ? ಕೈಕಾಲು ಬಿಗಿಯುವುದು, ನಡಿಗೆ ನಿಧಾನವಾಗುವುದು ಇದೆಯಾ? ಕೆಲವು ಮಾತ್ರೆಗಳಿಂದ ಹಾಗಾಗುತ್ತದೆ, ನೋಡುವವರಿಗೆ ಅದು ನಿರುತ್ಸಾಹದ ಹಾಗೇ ಕಾಣುತ್ತದೆ, ಡೋಸ್ ಅಥವಾ ಹೊತ್ತು ಬದಲಿಸಿದರೆ ಎಷ್ಟೋ ಸಲ ಸುಧಾರಿಸುತ್ತದೆ. ಖಿನ್ನತೆ ಸೇರಿಕೊಂಡಿದೆಯಾ? ದನಿಗಳು ನಿಜವಾಗಿ ನಿಂತಿವೆಯಾ, ಇಲ್ಲ ಮನೆಯವರ ಹತ್ತಿರ ಹೇಳುವುದನ್ನು ಮಾತ್ರ ಬಿಟ್ಟಿದ್ದಾನಾ? ಇದಾವುದಕ್ಕೂ ನೀವೇ ಮಾತ್ರೆ ಕಡಿಮೆ ಮಾಡಲು ಹೋಗಬೇಡಿ. ಮಾತ್ರೆ ನಿಂತರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು, ಪ್ರತಿ ಸಲ ಮರುಕಳಿಸಿದಾಗಲೂ ಅವನು ಕಷ್ಟಪಟ್ಟು ಕಟ್ಟಿದ್ದು ಬೀಳುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಒತ್ತಾಯವೋ, ಬಿಡುವುದೋ. ಎರಡೂ ಬೇಡ ಅನ್ನುತ್ತೇನೆ, ಯಾಕೆಂದರೆ ಎರಡೂ ಅವನಿಗೆ ಒಂದೇ ಮಾತು ಹೇಳುತ್ತವೆ. ಅಪ್ಪ ಬೈದಾಗ ಅವನಿಗೆ ಕೇಳಿಸುವುದು "ನೀನು ಆಗದವನು". ಅಮ್ಮ ತಟ್ಟೆಯನ್ನು ಹಾಸಿಗೆಗೆ ತಂದುಕೊಟ್ಟಾಗ ಕೇಳಿಸುವುದೂ ಅದೇ, ಸ್ವಲ್ಪ ಪ್ರೀತಿಯಿಂದ. ಬೈಗುಳ ಅಥವಾ ಅತಿಯಾದ ಆರೈಕೆ ಜಾಸ್ತಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ ಅಂತ ಎಷ್ಟೋ ದೇಶಗಳ ಅಧ್ಯಯನಗಳು ತೋರಿಸಿವೆ. ಅಮ್ಮನನ್ನು ದೂರುತ್ತಿಲ್ಲ. ಆರು ವರ್ಷ ಮಗನನ್ನು ಉಳಿಸಿಕೊಂಡವರು ಅವರು.

ವಾದ ಮಾಡಬೇಡಿ. "ನಿನ್ನ ಕೈಲಿ ಆಗುತ್ತೆ ಕಣೋ, ನೀನು ಡಿಪ್ಲೊಮಾ ಮಾಡಿದವನು" ಅಂದರೆ ಅವನು ಹದಿನೈದು ದಿನದ ಕೆಲಸವನ್ನು ನೆನಪಿಸಿ ನಿಮ್ಮನ್ನು ಸೋಲಿಸುತ್ತಾನೆ. ಇಂಥ ನಂಬಿಕೆ ಮಾತಿನಿಂದ ಹೋಗುವುದು ಅಪರೂಪ. ಕೈಯಾರೆ ಮಾಡಿ, ಮಾಡಿದ್ದನ್ನು ಗಮನಿಸಿದಾಗ ಸಡಿಲವಾಗುತ್ತದೆ.

ಶುರು ಮಾಡಬೇಕಾದದ್ದು ಸ್ನಾನದಿಂದಲ್ಲ. ಅವನಿಗೆ ಇಷ್ಟವಾದದ್ದರಿಂದ. ಕಾಯಿಲೆಗೆ ಮುಂಚೆ ಏನು ಇಷ್ಟವಿತ್ತು? ಕ್ರಿಕೆಟ್ ನೋಡುವುದಾ, ರೇಡಿಯೋ ಬಿಚ್ಚಿ ಜೋಡಿಸುವುದಾ, ಹಳೆ ಹಾಡಾ, ಗಿಡಾನಾ? ಅದನ್ನು ಅವನ ಜೊತೆ ಕೂತು ಮಾಡಿ. ಅವನಿಗೆ ಗೊತ್ತಿರುವುದನ್ನು ಅವನಿಂದಲೇ ಕೇಳಿ. "ಈ ಮಿಕ್ಸಿಯ ವೈರ್ ಸ್ವಲ್ಪ ನೋಡ್ತೀಯಾ, ನನಗೆ ತಿಳಿಯಲ್ಲ" ಅನ್ನುವುದು ಹತ್ತು ಬುದ್ಧಿಮಾತಿಗಿಂತ ದೊಡ್ಡದು. ಆದರೆ ನಿಜವಾಗಿ ಸಹಾಯ ಬೇಕಾದಾಗಲೇ ಕೇಳಿ. ನಾಟಕ ಮಾಡಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ, ಅವಮಾನವೂ ಆಗುತ್ತದೆ. ಬೆಕ್ ತಂಡ ಆಮೇಲೆ ಬೆಳೆಸಿದ ಚಿಕಿತ್ಸೆಯ ತಿರುಳೂ ಇದೇ. ಮೊದಲು ಆ ಮನುಷ್ಯ ಚೆನ್ನಾಗಿರುವ ಹೊತ್ತನ್ನು ಹುಡುಕುವುದು, ಅದನ್ನು ಹೆಚ್ಚಿಸುವುದು, ಅಲ್ಲಿಂದ ಅವನ ಆಸೆ ಏನು ಅಂತ ಕೇಳುವುದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಬಹಳ ಕುಸಿದಿದ್ದ 60 ಜನರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಚಿಕಿತ್ಸೆ ನಡೆದದ್ದು 18 ತಿಂಗಳು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇದನ್ನೂ ಪಡೆದವರ ದಿನದ ಬದುಕು, ಉತ್ಸಾಹ ಎರಡೂ ಜಾಸ್ತಿ ಸುಧಾರಿಸಿದವು. ಹದಿನೆಂಟು ತಿಂಗಳು ಅನ್ನುವುದನ್ನು ಮನೆಯವರೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಹಬ್ಬದ ಹೊತ್ತಿಗೆ ಸರಿಹೋಗಲಿ ಅಂತ ಗಡುವು ಹಾಕಬೇಡಿ.

ಅವನು ಒಪ್ಪಿದರೆ ಒಂದು ಸಣ್ಣ ಕೆಲಸ ಮಾಡಿ. ಏನಾದರೂ ಮಾಡುವ ಮೊದಲು ಕೇಳಿ: ಇದು ಹತ್ತಕ್ಕೆ ಎಷ್ಟು ಕಷ್ಟ ಅನಿಸುತ್ತೆ? ಎಷ್ಟು ಖುಷಿ ಸಿಗಬಹುದು? ಚೀಟಿಯಲ್ಲಿ ಬರೆದಿಡಿ. ಮಾಡಿದ ಮೇಲೆ ಮತ್ತೆ ಅದೇ ಪ್ರಶ್ನೆ. ಎಷ್ಟೋ ಸಲ ಕಷ್ಟ ಎಂಟು ಅಂದಿದ್ದು ನಾಲ್ಕಾಗಿರುತ್ತದೆ, ಖುಷಿ ಒಂದು ಅಂದಿದ್ದು ಐದಾಗಿರುತ್ತದೆ. ಆಗ "ನೋಡಿದೆಯಾ, ನಾನು ಹೇಳಿರಲಿಲ್ವಾ" ಅನ್ನಬೇಡಿ ದಯವಿಟ್ಟು. "ಇದರಿಂದ ನಿನ್ನ ಬಗ್ಗೆ ಏನು ಗೊತ್ತಾಯ್ತು?" ಅಂತ ಕೇಳಿ ಸುಮ್ಮನಿರಿ. ತೀರ್ಮಾನ ಅವನ ಬಾಯಿಂದ ಬರಬೇಕು. ನೆನಪು ಮಂದವಿರುವುದರಿಂದ ಆ ಚೀಟಿಗಳನ್ನು ಒಂದು ಕಡೆ ಇಡಿ, ಮುಂದಿನ ಸಲ "ಆಗಲ್ಲ" ಅಂದಾಗ ಅವನ ಕೈಗೇ ಕೊಡಿ. ಗ್ರಾನ್‌ಹೋಮ್ ತಂಡ ಗುಂಪಿನಲ್ಲಿ ಕಲಿಸುವುದರಲ್ಲೂ ಇದರದೇ ಒಂದು ರೂಪವಿದೆ: ತಲೆಗೆ ಬಂದ ಯೋಚನೆಯನ್ನು ಹಿಡಿ, ನಿಜವಾ ಅಂತ ನೋಡು, ಬದಲಿಸು. ಅಂಥ ನಂಬಿಕೆಗಳು ಸಡಿಲವಾದವರಲ್ಲಿ ನಿರುತ್ಸಾಹವೂ ಕಡಿಮೆಯಾಗಿದ್ದನ್ನು ಅವರು ಕಂಡಿದ್ದಾರೆ.

ಸ್ನಾನಕ್ಕೆ ಬಂದರೆ, ಮೆಟ್ಟಿಲು ಕಡಿಮೆ ಮಾಡಿ. ರಾತ್ರಿಯೇ ಬಟ್ಟೆ, ಟವೆಲ್ ಅವನೇ ತೆಗೆದಿಡಲಿ. ಹೊತ್ತು ದಿನಾ ಒಂದೇ ಇರಲಿ. ವಾರದಲ್ಲಿ ಮೂರು ದಿನ ಸಾಕು, ಏಳು ದಿನ ಅಂತ ಹಟ ಬೇಡ. ಹೋಗಲು ಒಂದು ಜಾಗವಿದ್ದರೆ ಸ್ನಾನಕ್ಕೆ ಅರ್ಥ ಬರುತ್ತದೆ, ಅದು ಪಕ್ಕದ ಬೀದಿಯ ಹಾಲಿನ ಬೂತ್ ಆದರೂ ಸರಿ. ಅಮ್ಮ ತಟ್ಟೆ ತಂದುಕೊಡುವ ಬದಲು ಊಟಕ್ಕೆ ಜೊತೆಗೆ ಕೂರಲು ಕರೆಯಲಿ. ಬರದ ದಿನ ಜಗಳ ಬೇಡ, ನಾಳೆ ಮತ್ತೆ ಕರೆಯಲಿ. ಹೇಳುವಾಗ ಒಂದು ಸಲಕ್ಕೆ ಒಂದೇ ಮಾತು.

ಕೆಲಸದ ವಿಷಯ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಹಳ್ಳಿಗಳಲ್ಲೇ ವರ್ಷಗಟ್ಟಲೆ ನೋಡಿಕೊಂಡು ಬಂದಿದೆ. ನಾಲ್ಕು ವರ್ಷದ ನಂತರ ಅವರ ದುಡಿಮೆ ಹೇಗಿದೆ ಅಂತಲೂ ಅಧ್ಯಯನ ಮಾಡಿದೆ. ತೋಟ, ಗದ್ದೆ, ಮನೆಗೆಲಸ ಅಂತ ದುಡಿಯುತ್ತಿದ್ದವರು ಅಲ್ಲಿ ಬಹಳ ಜನ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಒಂದು ಕಾರಣ ಅಲ್ಲಿಯ ಕೆಲಸದ ರೀತಿ. ಇಂಟರ್‌ವ್ಯೂ ಇಲ್ಲ, ಸುಸ್ತಾದರೆ ಕೂರಬಹುದು, ಪಕ್ಕದಲ್ಲಿ ಮನೆಯವರಿರುತ್ತಾರೆ, ತಪ್ಪಿದರೆ ಕೆಲಸ ಹೋಗುವುದಿಲ್ಲ. ನಿಮ್ಮ ತಮ್ಮನಿಗೂ ಹುಡುಕಬೇಕಾದದ್ದು ಇಂಥದ್ದು. ಗುರುತಿನವರ ಅಂಗಡಿಯಲ್ಲಿ ದಿನಕ್ಕೆ ಎರಡು ಗಂಟೆ, ಒಂದೇ ಬಗೆಯ ಕೆಲಸ, ಹೇಳಿಕೊಡಲು ತಾಳ್ಮೆಯಿರುವ ಒಬ್ಬರು. ಹಿಂದಿನ ಕೆಲಸದಲ್ಲಿ ಏನು ಕಷ್ಟವಾಯಿತು ಅಂತ ಅವನ ಜೊತೆ ನಿಧಾನವಾಗಿ ಬಿಡಿಸಿ ನೋಡಿ. ಹೊತ್ತಾ, ಗದ್ದಲವಾ, ಮೇಲಿನವರ ಬಾಯಾ? "ನಾನು ಆಗದವನು" ಅನ್ನುವುದು "ಬೆಳಗಿನ ಶಿಫ್ಟ್ ನನಗೆ ಆಗುವುದಿಲ್ಲ" ಅಂತಾದರೆ ಅದಕ್ಕೊಂದು ದಾರಿ ಹುಡುಕಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಕೆಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಮಾಡಿಸಿ. ಆದರೆ ಅದು ಸೌಲಭ್ಯದ ಕಾಗದ, ಅವನ ಯೋಗ್ಯತೆಯ ಅಳತೆಯಲ್ಲ ಅಂತ ಅವನಿಗೆ ಮೊದಲೇ ಬಿಡಿಸಿ ಹೇಳಿ. ಹೇಳದೆ ಕರೆದುಕೊಂಡು ಹೋದರೆ "ಸರ್ಕಾರವೇ ಬರೆದುಕೊಟ್ಟಿದೆ, ನನ್ನಿಂದ ಆಗಲ್ಲ ಅಂತ" ಅಂದುಕೊಳ್ಳುವವರಿದ್ದಾರೆ.

ಮದುವೆ ಚಿಕಿತ್ಸೆಯಲ್ಲ. ಈಗ ಬೇಡ. ಸ್ಕಿಜೋಫ್ರೇನಿಯಾ ಇರುವವರು ಮದುವೆಯಾಗಬಾರದು ಅಂತಲ್ಲ, ಚೆನ್ನಾಗಿ ಬಾಳುತ್ತಿರುವವರಿದ್ದಾರೆ. ಆದರೆ ಅದು ಅವನಿಗೆ ಬೇಕೆನಿಸಿದಾಗ, ಹುಡುಗಿಗೂ ಅವರ ಮನೆಯವರಿಗೂ ಕಾಯಿಲೆಯ ವಿಷಯ ಪೂರ್ತಿ ಹೇಳಿದ ಮೇಲೆ. ಮುಚ್ಚಿಟ್ಟು ಮಾಡಿದರೆ ಎರಡು ಬದುಕು ಹಾಳಾಗುತ್ತವೆ. ನೆಂಟರಿಗೆ ಈ ಮಾತನ್ನು ಗಟ್ಟಿಯಾಗಿಯೇ ಹೇಳಿ.

"ಆಗಲ್ಲ" ಅನ್ನುವುದು "ಬದುಕಿ ಏನು ಪ್ರಯೋಜನ" ಅನ್ನುವ ಕಡೆ ತಿರುಗಿದರೆ ಒಂದು ದಿನವೂ ಕಾಯಬೇಡಿ. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ನಿಜವಾಗಿಯೂ ಜಾಸ್ತಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅಪಾಯ ಕಂಡರೆ ಅವನನ್ನು ಒಬ್ಬನೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ "ಹೇಗಿದ್ದಾನೆ?" ಅಂದರೆ "ಪರವಾಗಿಲ್ಲ, ಗಲಾಟೆ ಇಲ್ಲ" ಅಂತ ಹೇಳಿ ಬರಬೇಡಿ. ಎಷ್ಟು ಹೊತ್ತಿಗೆ ಏಳುತ್ತಾನೆ, ಹಗಲಲ್ಲಿ ಎಷ್ಟು ಹೊತ್ತು ಮಲಗುತ್ತಾನೆ, ವಾರದಲ್ಲಿ ಎಷ್ಟು ದಿನ ಹೊರಗೆ ಹೋದ, ಏನು ಕೇಳಿದಾಗ "ಆಗಲ್ಲ" ಅಂದ, ಏನು ಮಾಡುವಾಗ ಮುಖ ಅರಳಿತು, ಇಷ್ಟನ್ನು ಬರೆದುಕೊಂಡು ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನಶ್ಶಾಸ್ತ್ರಜ್ಞರು, ಸಾಮಾಜಿಕ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕಾಣಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಮತ್ತೆ, ಹೀಗೆ ಬರೆದುಕೊಂಡು ಹೋದದ್ದನ್ನು ವೈದ್ಯರ ಮುಂದೆ ನೀವು ಓದಬೇಡಿ. ಹೊರಡುವ ಮೊದಲು ತಮ್ಮನಿಗೆ ತೋರಿಸಿ, ತಪ್ಪಿದ್ದರೆ ಅವನೇ ತಿದ್ದಲಿ, ಆಮೇಲೆ ಅವನ ಕೈಗೆ ಕೊಟ್ಟು ನೀವು ಪಕ್ಕದಲ್ಲಿ ಕೂತುಕೊಳ್ಳಿ.